ಹೆದರ್ ಅರಳಿದ ಗುಡ್ಡದಲ್ಲಿ ಒಂದು ಪೂರ್ವಾಹ್ನ

ಪರ್ವತಗಳನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ದೊಡ್ಡ ಪರ್ವತಗಳನ್ನೇ ಆರಿಸಿಕೊಳ್ಳುತ್ತಾರೆ. ಎತ್ತರಕ್ಕೆ ತಾನಾಗಿಯೇ ಒಂದು ಗೌರವ ಸಲ್ಲುತ್ತದೆ. ಆದರೆ ಇಂದು ನಾವು ಓದುಗ ಬಂಧುಗಳ ಮುಂದಿರಿಸಬಯಸುವುದು ತೀರ ಸಾಧಾರಣವಾದ ಒಂದು ಗುಡ್ಡದ ಸಂಗತಿಯನ್ನು. ಅದನ್ನು ಹತ್ತಲು ಹಗ್ಗ ಬೇಡ, ಕೊಡಲಿ ಬೇಡ, ವಿಶೇಷ ಧೈರ್ಯವೂ ಬೇಡ. ಮಂಡಿನೋವಿರುವ, ಐವತ್ತು ದಾಟಿದ ಗುರುವೊಬ್ಬನೂ ಊರುಗೋಲು ಹಿಡಿದು ನಿಧಾನವಾಗಿ ಹತ್ತಿ, ಮಧ್ಯಾಹ್ನದ ಊಟದ ವೇಳೆಗೆ ಇಳಿದು ಬರಬಹುದು.

ಕೆಲವು ವರ್ಷಗಳ ಹಿಂದೆ, ರಜೆಯ ಮೇಲೆ ತೆರಳಿದ್ದ ಗುರುಗಳೊಬ್ಬರ ಬದಲಿಗೆ ಬಲಿಪೂಜೆ ಅರ್ಪಿಸುವ ಸಲುವಾಗಿ ನಾವು ಸ್ಕಾಟ್ಲೆಂಡಿನ ಮಲೆನಾಡಾದ ಹೈಲ್ಯಾಂಡ್ಸ್ ಪ್ರದೇಶದಲ್ಲಿ ಆಗಸ್ಟ್ ತಿಂಗಳನ್ನು ಕಳೆಯುವ ಅವಕಾಶ ಒದಗಿತ್ತು. ಅಲ್ಲಿ ಟೊಮಿಂಟೌಲ್ ಎಂಬ ಹಳ್ಳಿಯಿದೆ. ಗೋರ್ಡನ್ ಮನೆತನದ ನಾಲ್ಕನೆಯ ಡ್ಯೂಕ್ 1775ರ ಸುಮಾರಿಗೆ ಯೋಜಿಸಿ ಕಟ್ಟಿಸಿದ, ಒಂದೇ ನೇರ ಬೀದಿಯ ಊರು ಅದು. ಆ ಊರಿನ ಉತ್ತರಕ್ಕೆ, ಗ್ಲೆನ್‌ಲಿವೆಟ್ ಕಣಿವೆಯತ್ತ ಹೋಗುವ ಕಾಲುದಾರಿಯಲ್ಲಿ ನಮ್ಮ ಗುಡ್ಡ ನಿಂತಿದೆ. ಅದರ ಹೆಸರು ಕಾರ್ನ್ ಡೈವ್. ಅಲ್ಲಿನ ಹಳೆಯ ಗೇಲಿಕ್ ಭಾಷೆಯಲ್ಲಿ ‘ಗಂಡು ಜಿಂಕೆಯ ಕಲ್ಲುಗುಪ್ಪೆ’ ಎಂದರ್ಥ. ಎತ್ತರ 570 ಮೀಟರ್. ಹಳ್ಳಿಯೇ ಸುಮಾರು 345 ಮೀಟರ್ ಎತ್ತರದಲ್ಲಿರುವುದರಿಂದ, ಊರಿನ ಮಟ್ಟದಿಂದ ಏರಬೇಕಾದದ್ದು ಇನ್ನೂರು ಚಿಲ್ಲರೆ ಮೀಟರುಗಳು ಮಾತ್ರ.

ಸ್ಕಾಟ್ಲೆಂಡಿನವರಿಗೆ ಬೆಟ್ಟಗಳನ್ನು ಪಟ್ಟಿ ಮಾಡುವ ಹವ್ಯಾಸ ಬಹಳ. 1891ರಲ್ಲಿ ಸರ್ ಹ್ಯೂ ಮನ್ರೋ ಎಂಬವರು 3000 ಅಡಿಗಿಂತ ಎತ್ತರದ ಶಿಖರಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಅವುಗಳನ್ನು ಇಂದಿಗೂ ‘ಮನ್ರೋ’ಗಳೆಂದೇ ಕರೆಯುತ್ತಾರೆ. ಈಗಿನ ಲೆಕ್ಕದಂತೆ ಅವು 282. ಎಲ್ಲವನ್ನೂ ಹತ್ತಿ ಮುಗಿಸುವುದನ್ನೇ ಜೀವನದ ಸಾಧನೆಯೆಂದು ಭಾವಿಸುವವರು ಅಲ್ಲಿ ಸಾವಿರಾರು ಮಂದಿಯಿದ್ದಾರೆ. ಅದಕ್ಕಿಂತ ತಗ್ಗಿನವಕ್ಕೆ ‘ಕಾರ್ಬೆಟ್’ ಎಂಬ ಪಟ್ಟಿ, ಅದಕ್ಕೂ ತಗ್ಗಿನವಕ್ಕೆ ‘ಗ್ರಹಾಂ’ ಎಂಬ ಪಟ್ಟಿ. ನಮ್ಮ ಕಾರ್ನ್ ಡೈವ್‌ಗೆ ಈ ಮೂರರಲ್ಲೂ ಸ್ಥಾನವಿಲ್ಲ. ಅದನ್ನು ಹತ್ತಿದೆನೆಂದು ಯಾರೂ ಯಾರ ಮುಂದೆಯೂ ಹೇಳಿಕೊಳ್ಳುವುದಿಲ್ಲ.

ನಾವು ಹೊರಟದ್ದು ಆಗಸ್ಟ್ ಕೊನೆಯ ವಾರದ ಒಂದು ಶುಕ್ರವಾರ. ನಮ್ಮ ಜೊತೆಗೆ ಬಂದವರು ಆ ಧರ್ಮಕೇಂದ್ರದ ಹಿರಿಯರೊಬ್ಬರು. ಯೌವನದಲ್ಲಿ ಬೇಟೆಯ ಮೈದಾನಗಳನ್ನು ಕಾಯುವ ಕೆಲಸ, ಬಳಿಕ ಕುರಿಸಾಕಣೆ ಮಾಡಿ, ಈಗ ಮಗನ ಮನೆಯಲ್ಲಿ ವಿಶ್ರಾಂತಿಯಲ್ಲಿರುವವರು. ಮಿತಭಾಷಿ. ಅವರ ಹಿಂದೆ ಒಂದು ಮುದಿ ನಾಯಿ. ಯಾರದೋ ಜಮೀನಿನೊಳಗೆ ನುಗ್ಗುತ್ತಿದ್ದೇವೆಯೇ ಎಂದು ನಾವು ಸಂಕೋಚಪಟ್ಟಾಗ, ಜವಾಬ್ದಾರಿಯಿಂದ ನಡೆದುಕೊಳ್ಳುವ ಯಾರೇ ಆಗಲಿ ಗುಡ್ಡಗಳಲ್ಲಿ ನಡೆದಾಡಬಹುದೆಂದು 2003ರ ಶಾಸನವೊಂದು ಹಕ್ಕು ನೀಡಿದೆಯೆಂದು ಅವರು ತಿಳಿಸಿದರು. ಆಗಸ್ಟ್ 12ರಿಂದ ಹಕ್ಕಿಬೇಟೆಯ ಕಾಲ ಆರಂಭವಾಗುವುದರಿಂದ, ಆ ದಿನ ಅತ್ತ ಬೇಟೆಯಿಲ್ಲವೆಂಬುದನ್ನೂ ಅವರು ಮೊದಲೇ ವಿಚಾರಿಸಿಟ್ಟಿದ್ದರು.

ಕಾಂಗ್ಲಾಸ್ ಹೊಳೆಯನ್ನು ದಾಟಿ, ಹುಲ್ಲುಗಾವಲುಗಳನ್ನು ಹಾದು, ಸಾಲುಸಾಲಾಗಿ ನೆಟ್ಟ ಮರಗಳ ಅಂಚನ್ನು ಬಿಟ್ಟು ಮೇಲೇರುತ್ತಲೇ ಹೆದರ್ ಕಾಣಿಸಿಕೊಂಡಿತು. ಹೆಸರು ಕೇಳಿ ನಮ್ಮ ಓದುಗರು ಹೆದರಬೇಕಾಗಿಲ್ಲ. ಅದು ಮೊಣಕಾಲೆತ್ತರಕ್ಕೆ ಬೆಳೆಯುವ ಒಂದು ಬಡ ಪೊದೆ. ಕಾಂಡ ತಂತಿಯಂತೆ ಬಿರುಸು, ಎಲೆಗಳು ಎಳ್ಳುಕಾಳಿನಷ್ಟು ಸಣ್ಣವು, ಹೂವು ಅಕ್ಕಿಕಾಳಿಗಿಂತ ತುಸು ದೊಡ್ಡದು. ಆದರೆ ಅಂಥ ಹೂಗಳು ಲೆಕ್ಕವಿಲ್ಲದಷ್ಟು ಒಮ್ಮೆಗೇ ಅರಳಿದಾಗ ಇಡಿಯ ಗುಡ್ಡವೇ ನೇರಳೆ ಬಣ್ಣದ ಶಾಲು ಹೊದ್ದಂತೆ ತೋರುತ್ತದೆ. ಹತ್ತಿರದಿಂದ ನೋಡಿದರೆ ಅದು ಒಂದೇ ಗಿಡವಲ್ಲ. ಒಣ ಇಳಿಜಾರಿನಲ್ಲಿ ಜುಲೈಯಲ್ಲೇ ಹೂಬಿಡುವ, ಗಂಟೆಯಾಕಾರದ ಗಾಢ ಬಣ್ಣದ ಹೂವಿನದು ಒಂದು. ಜೌಗಿನಲ್ಲಿ ಬೆಳೆಯುವ, ನಸುಗೆಂಪು ಹೂವಿನ ಗೊಂಚಲಿನದು ಇನ್ನೊಂದು. ಗುಡ್ಡದ ಬಹುಭಾಗವನ್ನು ಆವರಿಸಿ ಆಗಸ್ಟಿನಲ್ಲಿ ಅರಳುವ, ‘ಲಿಂಗ್’ ಎಂದು ಕರೆಯಲ್ಪಡುವ ನಿಜವಾದ ಹೆದರ್ ಮೂರನೆಯದು. ಸುತ್ತಲೂ ಜೇನುನೊಣಗಳ ಮೊರೆತ. ಈ ಹೂವಿನ ಕಾಲಕ್ಕೆಂದೇ ಜೇನುಸಾಕಣೆಗಾರರು ತಮ್ಮ ಪೆಟ್ಟಿಗೆಗಳನ್ನು ಕಣಿವೆಗಳಿಂದ ಗುಡ್ಡಗಳಿಗೆ ಸಾಗಿಸುತ್ತಾರೆ. ಹೆದರ್‌ನ ಜೇನು ಗಟ್ಟಿ. ಕಲಕಿದರೆ ಮಾತ್ರ ನೀರಾಗಿ ಹರಿಯುತ್ತದೆ.

ಗಾಳಿ ಶುಭ್ರವಾಗಿತ್ತು. ಮನುಷ್ಯರ ಸುಳಿವಿರಲಿಲ್ಲ. ಕಣ್ಣು ಹಾಯುವವರೆಗೂ ನೇರಳೆ ಬಣ್ಣ, ಅದರ ಮೇಲೆ ತೇಲುವ ಮೋಡದ ನೆರಳು. ನಡೆಯುತ್ತ ನಡೆಯುತ್ತ ನಮ್ಮ ಮನಸ್ಸು ಮುಂದಿನ ಭಾನುವಾರದ ಪ್ರಬೋಧನೆಯನ್ನು ಕಟ್ಟತೊಡಗಿತು. ಗುರುಗಳಿಗೆ ಇದೊಂದು ಚಟ. ಎಲ್ಲಿ ಹೋದರೂ ಭಾನುವಾರಕ್ಕೆ ಒಂದು ದೃಷ್ಟಾಂತ ಸಿಕ್ಕೀತೇ ಎಂದು ಹುಡುಕುತ್ತಿರುತ್ತೇವೆ. ‘ಮನುಷ್ಯನ ಕೈ ಸೋಕದ ನೆಲ, ಸೃಷ್ಟಿಕರ್ತನು ಮೊದಲ ದಿನ ಬಿಟ್ಟುಹೋದಂತೆಯೇ ಇಂದಿಗೂ ಉಳಿದಿರುವ ಗುಡ್ಡ, ನಾವು ನಗರಗಳಲ್ಲಿ ಕಳೆದುಕೊಂಡದ್ದು ಇಲ್ಲಿ ಕಾದಿದೆ’ ಎಂದು ಮುಂತಾಗಿ ವಾಕ್ಯಗಳು ತಾವಾಗಿಯೇ ಸಾಲುಗಟ್ಟಿದವು. ಅರ್ಧ ಗುಡ್ಡ ಏರುವಷ್ಟರಲ್ಲಿ ಪ್ರಬೋಧನೆ ಮುಗಿದಿತ್ತು. ತೃಪ್ತಿಯಿಂದ ನಿಂತು, ಎದುರಿನ ಇಳಿಜಾರನ್ನು ತೋರಿಸಿ, ಇಲ್ಲಿ ಮನುಷ್ಯ ಏನನ್ನೂ ಮುಟ್ಟಿಲ್ಲವಲ್ಲ ಎಂದು ನಮ್ಮ ಸಂಗಾತಿಗೆ ಹೇಳಿದೆವು.

ಅವರು ಸ್ವಲ್ಪ ಹೊತ್ತು ಆ ಇಳಿಜಾರನ್ನೇ ನೋಡಿದರು. ಬಳಿಕ ಊರುಗೋಲೆತ್ತಿ ಅದರ ಒಂದು ಭಾಗವನ್ನು ತೋರಿಸುತ್ತ, “ಆ ತುಂಡನ್ನು ಸುಟ್ಟವನು ನಾನೇ, ಫಾದರ್” ಎಂದರು.

ಆಗ ನಾವು ಮೊದಲ ಬಾರಿಗೆ ಸರಿಯಾಗಿ ನೋಡಿದೆವು. ಗುಡ್ಡದ ಶಾಲು ಒಂದೇ ಬಣ್ಣದ್ದಾಗಿರಲಿಲ್ಲ. ತೇಪೆ ಹಚ್ಚಿದ ಕೌದಿಯಂತಿತ್ತು. ಒಂದು ಪಟ್ಟಿ ಗಾಢ ಕಂದು, ಪಕ್ಕದ್ದು ತಿಳಿ ಹಸಿರು, ಅದರಾಚೆಯದು ಬೂದು. ಅಂಚುಗಳು ಕತ್ತರಿಸಿದಂತೆ ನೇರ. ನಮ್ಮ ಕಣ್ಣಿಗೆ ಇದೆಲ್ಲ ಬಿದ್ದಿರಲಿಲ್ಲವೆಂದಲ್ಲ. ಪ್ರಬೋಧನೆಗೆ ಬೇಕಾಗಿರಲಿಲ್ಲವಾದ್ದರಿಂದ ಮನಸ್ಸು ಅದನ್ನು ಬದಿಗಿಟ್ಟಿತ್ತು.

ಹಿರಿಯರು ತಮ್ಮ ಮಿತಭಾಷೆಯಲ್ಲೇ ವಿವರಿಸಿದರು. ಹೆದರ್‌ಅನ್ನು ಅದರ ಪಾಡಿಗೆ ಬಿಟ್ಟರೆ ಅದು ಮುದಿಯಾಗಿ, ನಡುವೆ ಬೋಳಾಗಿ ಕುಸಿಯುತ್ತದೆ. ಬೀಜ ಬರುವ ದಾರಿಯಿದ್ದರೆ ಕ್ರಮೇಣ ಬರ್ಚ್, ಪೈನ್ ಮರಗಳು ಆ ಜಾಗವನ್ನು ಹಿಡಿಯುತ್ತವೆ. ಹಾಗಾಗದಂತೆ ಚಳಿಗಾಲದಿಂದ ವಸಂತದ ಆರಂಭದ ನಡುವೆ, ನೆಲ ಹಸಿಯಾಗಿರುವಾಗ, ಸಣ್ಣ ಸಣ್ಣ ತುಂಡುಗಳನ್ನು ಸರದಿಯಂತೆ ಸುಡುತ್ತಾರೆ. ಸುಟ್ಟ ಬುಡದಿಂದ ಹೊಸ ಚಿಗುರು ಬರುತ್ತದೆ. ರೆಡ್ ಗ್ರೌಸ್ ಎಂಬ ಕಾಡುಕೋಳಿ ಜಾತಿಯ ಹಕ್ಕಿಗೆ ಆ ಚಿಗುರೇ ಮುಖ್ಯ ಆಹಾರ. ಪಕ್ಕದ ಹಳೆಯ ಪೊದೆಯೇ ಅಡಗುತಾಣ. ಆ ಹಕ್ಕಿಯನ್ನು ಬೇಟೆಯಾಡಲು ಶ್ರೀಮಂತರು ಬರುತ್ತಾರೆ. ಅದಕ್ಕಾಗಿ ಗುಡ್ಡ ನೇರಳೆಯಾಗಿರಬೇಕು. ಬೆಂಕಿ, ಕುರಿ, ಜಿಂಕೆ ಮೂರೂ ಸೇರಿ ಮರವನ್ನು ಮೇಲೇಳಲು ಬಿಡುವುದಿಲ್ಲ. ನಾವು ಅನಾದಿಯೆಂದು ಕೊಂಡಾಡಿದ ಆ ನೋಟದ ಬಹುಪಾಲು, ಬೆಂಕಿಕಡ್ಡಿಯಿಂದ ಕಾಪಾಡಿಕೊಂಡು ಬಂದದ್ದು.

ಕಾಲುದಾರಿಯ ಪಕ್ಕದಲ್ಲಿ ಮಳೆನೀರು ಕೊರೆದು ಕರಿಯ ಮಣ್ಣು ಹೊರಬಿದ್ದಿತ್ತು. ಅದು ‘ಪೀಟ್’. ಪಾಚಿ ಮುಂತಾದ ಜೌಗು ಸಸ್ಯಗಳು ಕೊಳೆಯದೆ ಪದರ ಪದರವಾಗಿ ಶೇಖರಗೊಂಡು, ಸರಾಸರಿ ವರ್ಷಕ್ಕೆ ಒಂದು ಮಿಲಿಮೀಟರಿನಂತೆ ಬೆಳೆಯುವ ನೆಲ. ಹೈಲ್ಯಾಂಡ್ಸ್‌ನ ಅನೇಕ ಕಡೆ ಇಂಥ ಪೀಟ್‌ನೊಳಗೆ ಸಾವಿರಾರು ವರ್ಷ ಹಳೆಯ ಪೈನ್ ಬೊಡ್ಡೆಗಳು ಇಂದಿಗೂ ಕೊಳೆಯದೆ ಉಳಿದಿವೆ. ಅದರ ಪದರಗಳಲ್ಲಿ ಸಿಕ್ಕಿಕೊಂಡ ಪರಾಗವನ್ನು ಪರೀಕ್ಷಿಸಿ, ಒಂದು ಕಾಲದಲ್ಲಿ ಎಲ್ಲಿ ಕಾಡಿತ್ತೆಂದು ವಿಜ್ಞಾನಿಗಳು ಗುರುತಿಸುತ್ತಾರೆ. ಹವೆ ತಂಪಾಗಿ, ತೇವವಾಗಿ ಮಾರ್ಪಟ್ಟದ್ದು ಒಂದು ಕಾರಣ, ಮನುಷ್ಯನ ಕೊಡಲಿ, ಬೆಂಕಿ ಮತ್ತು ದನಕುರಿಗಳು ಇನ್ನೊಂದು. ಎರಡೂ ಸೇರಿ ಕಾಡು ಹಿಮ್ಮೆಟ್ಟಿತು. ಈ ಗುಡ್ಡಗಳಿಗೆ ಬೆಂಕಿಯಿಡುವುದರ ಒಳಿತುಕೆಡುಕುಗಳ ಬಗ್ಗೆ ಅಲ್ಲಿ ಇಂದಿಗೂ ವಾದವಿದೆ. ಸುಡುವುದಕ್ಕೆ ಪರವಾನಿಗೆ ಬೇಕೆನ್ನುವ ಶಾಸನವನ್ನು ಸ್ಕಾಟ್ಲೆಂಡಿನ ಸಂಸತ್ತು 2024ರಲ್ಲಿ ಅಂಗೀಕರಿಸಿದೆ.

ನಾವು ಮೌನವಾಗಿ ಮೇಲೇರಿದೆವು. ಪೊದೆಯೊಳಗಿಂದ ಜೋಡಿ ಗ್ರೌಸ್‌ಗಳು ರೆಕ್ಕೆ ಬಡಿಯುತ್ತ ಎದ್ದವು. ಅವುಗಳ ಕೂಗು ಅಲ್ಲಿಯವರ ಕಿವಿಗೆ ‘ಗೋ ಬ್ಯಾಕ್, ಗೋ ಬ್ಯಾಕ್’ ಎಂದು ಕೇಳಿಸುತ್ತದಂತೆ. ಅಂದರೆ ‘ಹಿಂದಿರುಗಿ ಹೋಗು’. ಆ ಹೊತ್ತಿಗೆ ಅದು ನಮ್ಮ ಪ್ರಬೋಧನೆಯನ್ನೇ ಉದ್ದೇಶಿಸಿ ಹೇಳಿದಂತಿತ್ತು.

ಇನ್ನೂ ಸ್ವಲ್ಪ ಮೇಲೆ, ಕೆಳಗಿನ ತಗ್ಗಿನಲ್ಲೊಂದು ಹಸಿರು ಚೌಕ ಕಾಣಿಸಿತು. ಸುತ್ತಲೂ ಹೆದರ್, ನಡುವೆ ಮಾತ್ರ ಮೃದುವಾದ ಹುಲ್ಲು. ಕಾರಣ ಕೇಳಿದಾಗ ಹಿರಿಯರು, ಹೈಲ್ಯಾಂಡ್ಸ್‌ನಲ್ಲಿ ಅಂಥ ಹಸಿರು ಕಂಡಲ್ಲಿ ಸಾಮಾನ್ಯವಾಗಿ ಹಿಂದೆ ಜನರಿದ್ದರೆಂದು ತಿಳಿಯಬೇಕು ಎಂದರು. ತಲೆಮಾರುಗಳ ಕಾಲ ದನ ಕಟ್ಟಿದ, ಗೊಬ್ಬರ ಬಿದ್ದ, ಉತ್ತ ನೆಲ ಅದು. ಮನೆ ಬಿದ್ದು ಇನ್ನೂರು ವರ್ಷ ಕಳೆದರೂ ಮಣ್ಣು ಅದನ್ನು ಮರೆಯುವುದಿಲ್ಲ. ಹಿಂದೆ ಬೇಸಿಗೆಯಲ್ಲಿ ಹೆಂಗಸರು, ಮಕ್ಕಳು ದನಗಳನ್ನು ಹೊಡೆದುಕೊಂಡು ಗುಡ್ಡದ ಮೇಲಿನ ಹುಲ್ಲಿಗೆ ಬಂದು, ‘ಶೀಲಿಂಗ್’ ಎಂಬ ಗುಡಿಸಲುಗಳಲ್ಲಿ ವಾಸಿಸಿ, ಬೆಣ್ಣೆ ಗಿಣ್ಣು ಮಾಡುತ್ತಿದ್ದರು. ಈ ಬಡ ಹೆದರ್‌ನಿಂದಲೇ ಅವರ ಮನೆಗಳಿಗೆ ಹೊದಿಕೆ, ಹೆಣೆದ ಹಗ್ಗ, ಪೊರಕೆ, ಹಾಸಿಗೆ, ಬಟ್ಟೆಗೆ ಬಣ್ಣ.

ಆ ಜನರೆಲ್ಲ ಎಲ್ಲಿ ಹೋದರು? ಒಂದೊಂದು ಕಣಿವೆಯ ಉತ್ತರ ಒಂದೊಂದು ಬಗೆಯದು. ಕೆಲವೆಡೆ ಬಡತನ, ಕೆಲವೆಡೆ ಬರಗಾಲ, ಕೆಲವೆಡೆ ಪಟ್ಟಣದ ಆಕರ್ಷಣೆ. ಆದರೆ ಅನೇಕ ಕಡೆ ಅವರನ್ನು ಎಬ್ಬಿಸಿ ಕಳುಹಿಸಲಾಯಿತು. ಕುರಿಸಾಕಣೆಯಿಂದ ಬರುವ ಗೇಣಿ ಒಕ್ಕಲುಗಳ ಗೇಣಿಗಿಂತ ಹೆಚ್ಚೆಂದು ಕಂಡಾಗ, ಜಮೀನ್ದಾರರು ಹಳ್ಳಿಗಳನ್ನೇ ತೆರವುಗೊಳಿಸಿದರು. ಉತ್ತರದ ಸದರ್ಲೆಂಡಿನ ಸ್ಟ್ರಾತ್‌ನೇವರ್ ಕಣಿವೆಯಲ್ಲಿ 1814 ಮತ್ತು 1819ರಲ್ಲಿ ಮನೆಗಳಿಗೆ ಬೆಂಕಿಯಿಡಲಾಯಿತು. ಪಶ್ಚಿಮ ಕರಾವಳಿಯ ನಾಯ್ಡಾರ್ಟ್‌ನಲ್ಲಿ 1853ರಲ್ಲಿ ಬಹುತೇಕ ಕಥೋಲಿಕರೇ ಆಗಿದ್ದ ನೂರಾರು ಜನರನ್ನು ಕೆನಡಾದ ಹಡಗು ಹತ್ತಿಸಿದರು. ಹೊರಡಲೊಪ್ಪದವರ ಮನೆಗಳನ್ನು ಕೆಡವಿದರು. ಕುರಿಗಳ ಲಾಭ ಇಳಿದ ಮೇಲೆ ಅದೇ ನೆಲಗಳು ಬೇಟೆಯ ಮೈದಾನಗಳಾದವು. ಆ ಕಣಿವೆಗಳಲ್ಲಿ ಇಂದಿನ ಪ್ರವಾಸಿಗರು ಮೆಚ್ಚುವ ಏಕಾಂತದಲ್ಲಿ ಆ ತೆರವಿನ ಪಾಲೂ ಇದೆ.

ಹೈಲ್ಯಾಂಡ್ಸ್‌ನ ಯುವಕರು ಸೈನ್ಯ ಸೇರಿ ದೂರದೇಶಗಳಿಗೆ ತೆರಳಿದ್ದೂ ಇದೇ ಕಾಲಘಟ್ಟದ ಸಂಗತಿ. ನಮ್ಮ ಕರಾವಳಿಯ ಓದುಗರಿಗೆ ಇಲ್ಲೊಂದು ನೇರ ಸಂಬಂಧವಿದೆ. 1783ರ ಮೇ ತಿಂಗಳಿಂದ 1784ರ ಜನವರಿಯವರೆಗೆ ಟಿಪ್ಪು ಸುಲ್ತಾನನ ಸೈನ್ಯ ಮಂಗಳೂರಿನ ಕೋಟೆಯನ್ನು ಮುತ್ತಿದಾಗ, ಒಳಗೆ ಕರ್ನಲ್ ಜಾನ್ ಕ್ಯಾಂಪ್‌ಬೆಲ್ಲನ ಅಧೀನದಲ್ಲಿ ಭಾರತೀಯ ಸಿಪಾಯಿಗಳೊಡನೆ 42ನೆಯ ಹೈಲ್ಯಾಂಡ್ ರೆಜಿಮೆಂಟಿನ ಎರಡನೆಯ ಬೆಟಾಲಿಯನ್ ಇತ್ತು. ಹಸಿವು ಮತ್ತು ರೋಗದಿಂದ ಸತ್ತವರು ಅವರಲ್ಲಿ ಅನೇಕ. ಆ ಪಡೆಯ ಯುದ್ಧಗೌರವಗಳಲ್ಲಿ ‘ಮಂಗಳೂರು’ ಎಂಬ ಹೆಸರೂ ಸೇರಿದೆ. ಇಂಥ ಕಣಿವೆಗಳಲ್ಲಿ ಬೆಳೆದ ಹುಡುಗರು, ಮಂಗಳೂರಿನ ಮಳೆಗಾಲದಲ್ಲಿ, ಜ್ವರದಿಂದ ಮಲಗಿ ಯಾವ ಗುಡ್ಡವನ್ನು ನೆನೆದರೋ ಎಂದು ಆ ಹಸಿರು ಚೌಕವನ್ನು ನೋಡುತ್ತ ನಾವು ಯೋಚಿಸಿದೆವು.

ಕೊನೆಗೂ ತುದಿ ತಲುಪಿದೆವು. ಶಿಖರವೆನ್ನಲು ಅದು ಹೆಚ್ಚೇನೂ ಇಲ್ಲ; ನೆಲ ಇನ್ನು ಏರುವುದಿಲ್ಲ, ಅಷ್ಟೇ. ಆದರೆ ನೋಟ ಮಾತ್ರ ಅದರ ಎತ್ತರಕ್ಕೆ ಮೀರಿದ್ದು. ದಕ್ಷಿಣಕ್ಕೆ ಕೇರ್ನ್‌ಗಾರ್ಮ್ ಪರ್ವತಗಳ ನೀಲಿ ಗೋಡೆ. ಈಶಾನ್ಯದಲ್ಲಿ ಬೆನ್ ರಿನ್ನೆಸ್‌ನ ಶಂಕು. ಪೂರ್ವಕ್ಕೆ ಲ್ಯಾಡರ್ ಬೆಟ್ಟಗಳ ಉದ್ದನೆಯ ಬೆನ್ನು. ಹಿರಿಯರು ಆ ಬೆನ್ನಿನ ಬುಡದತ್ತ ಕೈ ತೋರಿಸಿ, “ಸ್ಕಾಲನ್ ಅಲ್ಲಿದೆ” ಎಂದರು.

ಈ ಹೆಸರನ್ನು ನಾವು ಗುರುಮಠದ ದಿನಗಳಲ್ಲಿ ಕೇಳಿರಲಿಲ್ಲ. ಆ ಮಧ್ಯಾಹ್ನವೇ ಅಲ್ಲಿಗೆ ಹೋದೆವು. ಕ್ರೋಂಬಿ ಹೊಳೆಯ ದಡದಲ್ಲಿ, ಹೆದರ್ ಗುಡ್ಡಗಳು ಸುತ್ತುವರಿದ ಬಯಲಿನಲ್ಲಿ, ಸಾಧಾರಣ ಹೊಲಮನೆಯಂತೆ ಕಾಣುವ ಎರಡಂತಸ್ತಿನ ಕಲ್ಲಿನ ಮನೆಯೊಂದಿದೆ. ಈಗಿರುವ ಕಟ್ಟಡ 1767ರದು. ಕಥೋಲಿಕ ಪೂಜೆಯೂ, ಗುರುಶಿಕ್ಷಣವೂ ಕಾನೂನುಬಾಹಿರವಾಗಿದ್ದ ಕಾಲದಲ್ಲಿ, 1717ರ ಸುಮಾರಿನಿಂದ 1799ರವರೆಗೆ ಅಲ್ಲಿ ಗುಪ್ತವಾಗಿ ಗುರುಮಠವೊಂದು ನಡೆಯಿತು. ಏಕಕಾಲಕ್ಕೆ ಬೆರಳೆಣಿಕೆಯ ಹುಡುಗರು, ಗಂಜಿಯಂಥ ಓಟ್ಸ್ ಊಟ, ಲ್ಯಾಟಿನ್ ಪಾಠ. 1746ರಲ್ಲಿ ಕಲೊಡೆನ್ ಕದನದ ಬಳಿಕ ಸರಕಾರಿ ಸೈನಿಕರು ಬಂದು ಮನೆಯನ್ನು ಸುಟ್ಟರು. ಅದನ್ನು ಮತ್ತೆ ಕಟ್ಟಿದರು. ಆ ಎಂಟು ದಶಕಗಳಲ್ಲಿ ಸುಮಾರು ನೂರು ಮಂದಿ ಗುರುಗಳು ಆ ಪುಟ್ಟ ಮನೆಯ ಶಿಕ್ಷಣ ಪಡೆದರೆಂದು ಲೆಕ್ಕ. 1793ರಲ್ಲಿ ಕಾನೂನು ಸಡಿಲಗೊಂಡ ಮೇಲೆ, 1799ರಲ್ಲಿ ಗುರುಮಠ ಬೇರೆಡೆ ಸ್ಥಳಾಂತರವಾಯಿತು.

ಆ ಸ್ಥಳವನ್ನು ಕಾಪಾಡಿದ್ದರಲ್ಲಿ ಗೋರ್ಡನ್ ಡ್ಯೂಕರ ನೆರಳಿಗೂ ಪಾಲಿತ್ತು, ಬಾಯಿಬಿಡದ ಅಕ್ಕಪಕ್ಕದ ಒಕ್ಕಲುಗಳಿಗೂ ಪಾಲಿತ್ತು. ಸುತ್ತಣ ಗುಡ್ಡಗಳಿಗೂ ಪಾಲಿತ್ತು. ಅವು ಯಾರ ಗಮನವನ್ನೂ ಸೆಳೆಯುವ ಬೆಟ್ಟಗಳಲ್ಲ. ಜೌಗು, ಪೀಟ್, ಮೊಣಕಾಲು ತೊಡರಿಸುವ ಪೊದೆ. ಅಪರಿಚಿತನಿಗೆ ಅಲ್ಲಿಗೆ ಬರಲು ಕಾರಣವೇ ಇರಲಿಲ್ಲ.

ಹಿಂದಿರುಗುವ ದಾರಿಯಲ್ಲಿ ನಮಗೆ ನಾಚಿಕೆಯಾದದ್ದುಂಟು. ತತ್ತ್ವಶಾಸ್ತ್ರದ ತರಗತಿಯಲ್ಲಿ, ಸತ್ಯವೆಂದರೆ ಬುದ್ಧಿಯು ವಸ್ತುವಿಗೆ ಹೊಂದಿಕೊಳ್ಳುವುದು ಎಂಬ ಸಂತ ಥಾಮಸ್ ಅಕ್ವಿನಾಸರ ವಿಚಾರವನ್ನು ನಾವು ಕಂಠಪಾಠ ಮಾಡಿದ್ದೆವು. ಬಳಿಕ ಕಿರಿಯರಿಗೆ ವಿವರಿಸಿಯೂ ಇದ್ದೆವು. ಆ ಬೆಳಿಗ್ಗೆಯಾದರೋ ಗುಡ್ಡವೇ ನಮ್ಮ ಪ್ರಬೋಧನೆಗೆ ಹೊಂದಿಕೊಳ್ಳಬೇಕೆಂದು ನಾವು ಬಯಸಿದ್ದೆವು. ಭಾನುವಾರ ನಾವು ಹಾಗೆಯೇ ಪೀಠದ ಬಳಿ ನಿಂತು, ‘ಮನುಷ್ಯನ ಕೈ ಸೋಕದ ನೆಲ’ ಎಂದಿದ್ದರೆ, ಕೇಳುತ್ತ ಕುಳಿತವರಲ್ಲಿ ಆ ನೆಲವನ್ನು ಸುಟ್ಟವರಿದ್ದರು, ಉತ್ತವರಿದ್ದರು, ಅಲ್ಲಿಂದ ಎದ್ದುಹೋದವರ ಮೊಮ್ಮಕ್ಕಳಿದ್ದರು. ಅವರು ಸೌಜನ್ಯದಿಂದ ಸುಮ್ಮನಿರುತ್ತಿದ್ದರು. ಸುಳ್ಳು ಹಾಗೆಯೇ ಉಳಿಯುತ್ತಿತ್ತು.

ಆ ಭಾನುವಾರದ ಪ್ರಬೋಧನೆ ಚಿಕ್ಕದಾಗಿತ್ತು. ಗುಡ್ಡ ಸುಂದರವಾಗಿದೆಯೆಂದು ಹೇಳಿದೆವು. ಅದನ್ನು ಹಿಂತೆಗೆದುಕೊಳ್ಳಬೇಕಾದ ಕಾರಣವಿರಲಿಲ್ಲ. ಅದು ದೇವರ ಕೊಡುಗೆಯೂ ಹೌದು, ಮನುಷ್ಯರು ಮಾಡಿದ್ದೂ ಹೌದು. ಆ ಮಾಡಿದ್ದರಲ್ಲಿ ದುಡಿಮೆಯೂ ಇದೆ, ಅನ್ಯಾಯವೂ ಇದೆ. ಮುಂದೆ ಅಲ್ಲಿ ಮರ ಬೆಳೆಯಬೇಕೇ, ಹೆದರ್ ಉಳಿಯಬೇಕೇ ಎಂಬುದನ್ನು ಇಂದಿನವರು ಮಾತಾಡಿ ನಿರ್ಧರಿಸಬೇಕು. ಪ್ರಕೃತಿಯ ಹೆಸರು ಹೇಳಿ ಆ ಹೊಣೆಯಿಂದ ಜಾರಿಕೊಳ್ಳುವಂತಿಲ್ಲ ಎಂದಷ್ಟೇ ಹೇಳಿ ಮುಗಿಸಿದೆವು. ಪೂಜೆ ಮುಗಿದ ಮೇಲೆ ನಮ್ಮ ಸಂಗಾತಿ ಬಾಗಿಲ ಬಳಿ ಕೈಕುಲುಕಿ, ಮಂಡಿ ಹೇಗಿದೆಯೆಂದು ವಿಚಾರಿಸಿದರು. ಪ್ರಬೋಧನೆಯ ಬಗ್ಗೆ ಏನನ್ನೂ ಹೇಳಲಿಲ್ಲ.

ರಜಾದಿನಗಳಲ್ಲಿ ಮಕ್ಕಳನ್ನು ಕರೆದುಕೊಂಡು ಬೆಟ್ಟಗುಡ್ಡಗಳಿಗೆ ಹೋಗುವ ಕುಟುಂಬಗಳು ನಮ್ಮಲ್ಲಿ ಬಹಳ. ಅವರಲ್ಲಿ ನಮ್ಮ ವಿನಂತಿ ಇಷ್ಟೇ. ದೊಡ್ಡ ಶಿಖರವನ್ನೇ ಹುಡುಕಬೇಡಿ. ಅಜ್ಜನೂ, ಆರು ವರ್ಷದ ಮೊಮ್ಮಗಳೂ ಜೊತೆಯಾಗಿ ಹತ್ತಬಲ್ಲ ಗುಡ್ಡ ಸಾಕು. ತುದಿಯಲ್ಲಿ ತಿಂಡಿಯ ಪೊಟ್ಟಣ ಬಿಚ್ಚುವ ಮೊದಲು, ಇಲ್ಲಿ ಮೊದಲು ಯಾರಿದ್ದರು, ಈಗೇಕಿಲ್ಲ ಎಂದು ಮಕ್ಕಳು ಕೇಳುವಂತಾಗಲಿ. ಉತ್ತರ ನಮಗೆ ತಿಳಿಯದಿದ್ದರೆ, ದಾರಿಯಲ್ಲಿ ಸಿಗುವ ಹಿರಿಯರೊಬ್ಬರಿಗೆ ತಿಳಿದಿರುತ್ತದೆ. ಅವರು ಮಾತು ಆರಂಭಿಸುವವರೆಗೆ ನಾವು ಸ್ವಲ್ಪ ಸುಮ್ಮನಿರಬೇಕಾದೀತು.